ಗೇಟ್ ಲತಮ್ಮನ ಸೊನ್ನೆ ಚೀಟಿಗಳು

ನನ್ನ ಕೆಲಸ ಏನೆಂದು ಯಾರಾದರೂ ಕೇಳಿದರೆ ನನ್ನ ಹೆಂಡತಿ ರಹೀಮಾ ನನಗಿಂತ ಮೊದಲೇ ಉತ್ತರ ಕೊಡುತ್ತಾಳೆ: "ರೈಲ್ವೆಯವರ ಬಾಯಿ ಮೂಸೋದು." ಕೇಳಿದವರು ನಗುತ್ತಾರೆ, ನಾನೂ ನಗಬೇಕಾಗುತ್ತದೆ. ಅದು ಪೂರ್ತಿ ಸುಳ್ಳೂ ಅಲ್ಲ. ರಾಮನಗರದಿಂದ ಚನ್ನಪಟ್ಟಣದ ಆಚೆಗೆ ಹೋಗುವ ಹಳಿಯ ಮೇಲೆ ಕೆಲಸ ಮಾಡುವವರನ್ನು, ಗೇಟು ಕಾಯುವವರನ್ನು, ಹೇಳದೆ ಕೇಳದೆ ಹೋಗಿ ನಿಲ್ಲಿಸಿ, ಕೈಯಲ್ಲಿರುವ ಮಿಷನ್ನಿಗೆ ಊದಿಸಿ, ಕುಡಿದಿದ್ದಾರೋ ಇಲ್ಲವೋ ಎಂದು ಬರೆದುಕೊಳ್ಳುವುದು ನನ್ನ ಕೆಲಸದ ಒಂದು ಭಾಗ. ಯಾರನ್ನು ಯಾವತ್ತು ಊದಿಸಬೇಕೆಂದು ನಾನು ಆರಿಸುವುದಿಲ್ಲ. ಕಂಪ್ಯೂಟರ್ ಆರಿಸಿದ ಹೆಸರುಗಳು ಬೆಳಿಗ್ಗೆ ನನ್ನ ಫೋನಿಗೆ ಬರುತ್ತವೆ. ಇನ್ನು ಮೂಸುವ ಮಾತು ದೂರವೇ ಉಳಿಯಿತು. ಅಪ್ಪನ ಕಾಲದಲ್ಲಿ ನಮ್ಮ ಮನೆಯಲ್ಲಿ ರೇಷ್ಮೆ ಗೂಡು ಬೇಯಿಸಿ ನೂಲು ತೆಗೆಯುತ್ತಿದ್ದರು. ಬೆಂದ ಹುಳುವಿನ ನಾತದಲ್ಲಿ ಬೆಳೆದ ನನ್ನ ಮೂಗಿಗೆ ಬೇರೆ ಯಾವ ವಾಸನೆಯೂ ಸರಿಯಾಗಿ ಹತ್ತುವುದಿಲ್ಲ. ಅದಕ್ಕೇ ಮಿಷನ್ನು ಬೇಕು.

ಊದುವುದರಲ್ಲೂ ಮನುಷ್ಯರ ಗುಣ ಗೊತ್ತಾಗುತ್ತದೆ. ಕೆಲವರು ಕೆನ್ನೆ ಉಬ್ಬಿಸಿ ಗಾಳಿಯನ್ನೆಲ್ಲ ಬಾಯಲ್ಲೇ ಇಟ್ಟುಕೊಳ್ಳುತ್ತಾರೆ. ಕೆಲವರಿಗೆ ನನ್ನ ಬೈಕು ಕಂಡ ತಕ್ಷಣ ಕೆಮ್ಮು ಶುರುವಾಗುತ್ತದೆ. ಒಬ್ಬ ಪುಣ್ಯಾತ್ಮ ಒಂದು ಕಟ್ಟು ಕೊತ್ತಂಬರಿ ಸೊಪ್ಪು ಅಗಿದುಕೊಂಡು ಬಂದು ಹಲ್ಲೆಲ್ಲ ಹಸಿರು ಮಾಡಿಕೊಂಡು ನಿಂತಿದ್ದ. ಗೇಟು ಕಾಯುವ ಲತಾಮಣಿ ಮಾತ್ರ ಒಲೆ ಊದುವ ಹಾಗೆ ಊದುತ್ತಾಳೆ. ಒಸಿ ಬಗ್ಗಿ, ಕಣ್ಣು ಮುಚ್ಚಿ, ಒಂದೇ ಉಸಿರಿಗೆ, ಮಿಷನ್ನು ಸಾಕೆಂದು ಕೂಗಿದ ಮೇಲೂ ಇನ್ನಷ್ಟು. ಆಮೇಲೆ ಕೈ ಚಾಚುತ್ತಾಳೆ. ಮಿಷನ್ನಿನಿಂದ ಬಸ್ ಟಿಕೆಟ್ಟಿನಷ್ಟು ಚೀಟಿ ಬರುತ್ತದೆ. ಒಂದು ಕಚೇರಿಗೆ, ಕೇಳಿದರೆ ಇನ್ನೊಂದು ಊದಿದವರಿಗೆ. ಇಷ್ಟು ವರ್ಷದಲ್ಲಿ ಆ ಎರಡನೆಯ ಚೀಟಿಯನ್ನು ಕೇಳಿ ಪಡೆದವಳು ಇವಳೊಬ್ಬಳೇ.

"ಇದುನ್ನ ಇಟ್ಕಂಡು ಏನ್ಮಾಡ್ತೀಯಮ್ಮ?" ಎಂದು ಮೊದಲ ಸಲ ಕೇಳಿದ್ದೆ.

"ನಮ್ಮನೆಯವ್ರಿಗೆ ತೋರುಸ್ಬೇಕು ಪಾಷಣ್ಣ," ಅಂದಳು.

ಅವಳ ಮನೆಯವರು ಅಂದರೆ ಗಂಡ ಲೋಕೇಶ್. ಅವನು ಆ ಹೊತ್ತಿಗೆ ತೀರಿಹೋಗಿ ಮೂರು ವರ್ಷವಾಗಿತ್ತು. ಸೊನ್ನೆ ಎಂದು ಅಚ್ಚಾದ ಆ ಚೀಟಿಗಳನ್ನೆಲ್ಲ ಅವಳು ಅವನ ಫೋಟೋದ ಹಿಂದೆ ಸಿಕ್ಕಿಸುತ್ತಿದ್ದಳು. ಇದು ಗೊತ್ತಾದ ದಿನ ನಾನು ಮನೆಗೆ ಹೋಗಿ ಸರಿಯಾಗಿ ಊಟ ಮಾಡಲಿಲ್ಲ. ಯಾಕೆ ಅಂತ ಹೇಳಬೇಕಾದರೆ ಲೋಕೇಶನ ವಿಷಯ ಹೇಳಬೇಕು, ನನ್ನ ವಿಷಯವನ್ನೂ ಹೇಳಬೇಕು.

ಲತಾಮಣಿ ಮಾಗಡಿ ತಾಲ್ಲೂಕಿನ ಕಲ್ಯದ ಹೆಣ್ಣು. ಎಸ್ಸೆಸ್ಸೆಲ್ಸಿ ಪಾಸಾಗಿ, ಮುಂದೆ ಓದುತ್ತೇನೆಂದು ಹಟ ಹಿಡಿದು ಕೂತಿದ್ದವಳನ್ನು ಕೈಲಾಂಚದ ಕಡೆಯ ಒಂದು ಹಳ್ಳಿಗೆ ಕೊಟ್ಟರು. ಗಂಡು ರೈಲ್ವೆಯಲ್ಲಿ ಕೀಮ್ಯಾನ್. ಬೆಳಿಗ್ಗೆ ಎದ್ದು ಹೆಗಲ ಮೇಲೆ ಸುತ್ತಿಗೆ ಇಟ್ಟುಕೊಂಡು, ಹಳಿಯ ಪಕ್ಕದಲ್ಲೇ ಐದಾರು ಕಿಲೋಮೀಟರ್ ನಡೆದು, ಸಡಿಲವಾದ ಕೀಲುಗಳನ್ನು ಹೊಡೆದು ಕೂರಿಸುತ್ತಾ ಹೋಗುವುದು ಕೀಮ್ಯಾನ್ ಕೆಲಸ. ಲೋಕೇಶ್ ನನ್ನ ಜೊತೆಗೇ ಕೆಲಸಕ್ಕೆ ಸೇರಿದವನು. ಇಬ್ಬರೂ ಒಂದೇ ಡಬ್ಬಿಯಲ್ಲಿ ಊಟ ಮಾಡಿದ್ದೇವೆ. ಅವನ ತಾಯಿ ದೊಡ್ಡಲಕ್ಷ್ಮಮ್ಮ ಕಟ್ಟಿಕೊಟ್ಟ ಮುದ್ದೆ, ಹುರುಳಿ ಸಾರು ನನಗೂ ಸೇರಿಸಿಯೇ ಇರುತ್ತಿತ್ತು. ಅವನಿಗೆ ಬೆಲ್ಲದ ಕಾಫಿ ಎಂದರೆ ಪ್ರಾಣ. ಇನ್ನೊಂದರ ಮೇಲೂ ಪ್ರೀತಿ ಇತ್ತು, ಅದು ಬರಬರುತ್ತಾ ಜಾಸ್ತಿಯಾಯಿತು. ಕುಡಿದಾಗ ಯಾರನ್ನೂ ಬೈದವನಲ್ಲ, ಹೊಡೆದವನಲ್ಲ. ಕೊಟ್ಟಿಗೆಗೆ ಹೋಗಿ ಹಸುವಿನ ಕೊರಳು ತಬ್ಬಿಕೊಂಡು ತಪ್ಪಾಯ್ತು ತಪ್ಪಾಯ್ತು ಎನ್ನುತ್ತಿದ್ದ. ಹಸು ಪಾಪ ಏನು ಮಾಡೀತು, ಸುಮ್ಮನೆ ನಿಂತಿರುತ್ತಿತ್ತು.

ಅವನು ಹೋದದ್ದು ಎರಡು ಸಾವಿರದ ಹದಿಮೂರರಲ್ಲಿ, ಹಿರಿಯರ ಹಬ್ಬದ ಮಾರನೆಯ ದಿನ. ನಮ್ಮ ಕಡೆ ಮಾರ್ಲಮಿ ಅಮಾವಾಸ್ಯೆಗೆ ತೀರಿಹೋದ ಹಿರಿಯರಿಗೆ ಎಡೆ ಇಕ್ಕುತ್ತಾರೆ. ಫೋಟೋದ ಮುಂದೆ ಹೊಸ ಪಂಚೆ, ವಡೆ, ಕಜ್ಜಾಯ, ಮಾಂಸದ ಸಾರು, ಬದುಕಿದ್ದಾಗ ಅವರಿಗೆ ಏನೇನು ಇಷ್ಟವಿತ್ತೋ ಎಲ್ಲ. ಬೀಡಿ ಸೇದುವವರಾಗಿದ್ದರೆ ಬೀಡಿ, ಕುಡಿಯುವವರಾಗಿದ್ದರೆ ಒಂದು ಲೋಟ ಅದೂ. ಧೂಪ ಹಾಕಿ, ಅವರು ಬಂದು ಉಣ್ಣಲಿ ಎಂದು ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ಕೂರುತ್ತಾರೆ. ಲೋಕೇಶನ ಮನೆಯಲ್ಲಿ ಇನ್ನೊಂದು ಪದ್ಧತಿ: ಬಾಗಿಲು ತೆಗೆದ ಮೇಲೆ, ಎಡೆ ಇಕ್ಕಿದವರು ಆ ಲೋಟದಿಂದ ಮೊದಲ ಗುಟುಕನ್ನು ಅಂಗೈಗೆ ಹಾಕಿಕೊಂಡು ತೀರ್ಥದ ಹಾಗೆ ತೆಗೆದುಕೊಳ್ಳಬೇಕು. ಒಲ್ಲೆ ಎಂದರೆ ಹಿರಿಯರನ್ನೇ ಒಲ್ಲೆ ಎಂದ ಹಾಗೆ.

ಮಾರನೆಯ ದಿನ ಬೆಳಿಗ್ಗೆ ಆರೂವರೆಗೆ ಲೋಕೇಶ್ ಸಾಮಾನಿನ ಶೆಡ್ಡಿಗೆ ಬಂದ. ಊದಿಸುವ ಮಿಷನ್ನು ಆಗ ಹೊಸದಾಗಿ ಬಂದಿತ್ತು, ಅದನ್ನು ನನ್ನ ಕೈಗೆ ಕೊಟ್ಟಿದ್ದರು. ಅವನ ಕಣ್ಣು ನೋಡಿಯೇ ನನಗೆ ಗೊತ್ತಾಯಿತು.

"ಕುಡ್ದಿದೀಯೇನ್ಲಾ?" ಅಂದೆ.

"ಒಸಿ ಕಣ್ಲಾ. ಅಬ್ಬ ಅಲ್ವಾ. ಇವತ್ತೊಂದಿನ ಬುಟ್ಬುಡ್ಲಾ ಪಾಷಾ."

ನಾನು ಬಿಟ್ಟುಬಿಟ್ಟೆ. ಊದಿಸಲೇ ಇಲ್ಲ. ರಿಜಿಸ್ಟರಿನಲ್ಲಿ ಅವನ ಹೆಸರಿನ ಮುಂದೆ ಸೊನ್ನೆ ಬರೆದು ಸಹಿ ಹಾಕಿದೆ. ಅವನು ನಗುತ್ತಾ ಸುತ್ತಿಗೆ ಎತ್ತಿಕೊಂಡು ಹೋದ. ಒಂಬತ್ತು ಗಂಟೆ ಸುಮಾರಿಗೆ ತಿರುವಿನ ಹತ್ತಿರ ಒಂದು ರೈಲು ಬಂತೆಂದು ಪಕ್ಕದ ಹಳಿಗೆ ಸರಿದಿದ್ದಾನೆ. ಆ ಹಳಿಯ ಮೇಲೆ ಎದುರಿನಿಂದ ಇನ್ನೊಂದು ಬರುತ್ತಿತ್ತು.

ಕುಡಿಯದವರೂ ಹಾಗೆ ಸತ್ತಿದ್ದಾರೆ, ಒಂದು ರೈಲಿನ ಸದ್ದಿನಲ್ಲಿ ಇನ್ನೊಂದರ ಸದ್ದು ಕೇಳುವುದಿಲ್ಲ ಎಂದು ಎಲ್ಲರೂ ಹೇಳಿದರು. ಅದು ನನಗೂ ಗೊತ್ತು. ಗೊತ್ತಿದ್ದರೆ ಏನು ಬಂತು? ಹನ್ನೊಂದನೆಯ ದಿನದ ಕಾರ್ಯ ಮುಗಿದ ಮೇಲೆ ಲತಾಮಣಿಯ ಮುಂದೆ ನಿಂತು ನಡೆದದ್ದನ್ನೆಲ್ಲ ಹೇಳಿದೆ. ಕಚೇರಿಯಲ್ಲಿ ಹೇಳುವ ಧೈರ್ಯ ಬರಲಿಲ್ಲ, ಅದನ್ನೂ ಹೇಳಿದೆ. ಅವಳು ಬೈದಿದ್ದರೆ ಚೆನ್ನಾಗಿತ್ತು. "ಇನ್ಮೇಲೆ ಯಾರ್ನೂ ಬುಡಬ್ಯಾಡಿ ಪಾಷಣ್ಣ," ಅಂದಳು. "ಯಾರ್ನೂ," ಎಂದು ಇನ್ನೊಮ್ಮೆ ಅಂದಳು. ಅವತ್ತಿನಿಂದ ಈವತ್ತಿನವರೆಗೆ ನಾನು ಯಾರನ್ನೂ ಬಿಟ್ಟಿಲ್ಲ. ಜನ ನನ್ನನ್ನು ಹಿಂದಿನಿಂದ ಏನೆಂದು ಕರೆಯುತ್ತಾರೋ ಅದನ್ನು ಇಲ್ಲಿ ಬರೆಯುವ ಹಾಗಿಲ್ಲ.

ಗಂಡನ ಕೆಲಸ ಲತಾಮಣಿಗೆ ಬಂತು. ಮೊದಲ ಎರಡು ವರ್ಷ ಹಳಿ ರಿಪೇರಿಯ ಗ್ಯಾಂಗಿನ ಗಂಡಸರ ಜೊತೆ ಹಾರೆ ಹಿಡಿದು ಜಲ್ಲಿ ಎಳೆದಳು. ಅಂಗೈ ಬೊಬ್ಬೆ ಒಡೆದು ಬಟ್ಟೆ ಸುತ್ತಿಕೊಂಡು ಕೆಲಸ ಮಾಡಿದ್ದನ್ನು ನಾನೇ ಕಂಡಿದ್ದೇನೆ. ಆಮೇಲೆ ಒಂದು ಹಳ್ಳಿ ರಸ್ತೆಯ ಗೇಟಿಗೆ ಹಾಕಿದರು. ಅಲ್ಲಿಂದ ಅವಳು ಗೇಟ್ ಲತಮ್ಮ ಆದಳು.

ಆ ಗೇಟಿನಲ್ಲಿ ಅವಳದೇ ಕಾನೂನು. ಸ್ಟೇಷನ್ನಿನಿಂದ ಫೋನು ಬಂದು, ಗೇಟು ಬಿದ್ದ ಮೇಲೆ, ಮಂತ್ರಿ ಬಂದರೂ ಏಳುವುದಿಲ್ಲ. ಹಿಪ್ಪುನೇರಳೆ ಸೊಪ್ಪನ್ನು ಆಳೆತ್ತರ ಹೇರಿಕೊಂಡ ಗಾಡಿಗಳು, ಹಾಲಿನ ಕ್ಯಾನುಗಳು, ಸ್ಕೂಲ್ ವ್ಯಾನು, ಎಲ್ಲವೂ ಸಾಲಾಗಿ ನಿಲ್ಲಬೇಕು. ಗೂಡಿನ ಮೂಟೆ ಕಟ್ಟಿಕೊಂಡು ರಾಮನಗರದ ಮಾರ್ಕೆಟ್ಟಿಗೆ ಓಡುವವರಿಗೆ ಮಾತ್ರ ತಡೆಯಲು ಆಗುವುದಿಲ್ಲ. "ಅಕ್ಕಾ, ಅರಾಜು ಮುಗ್ದೋಯ್ತದೆ, ಒಸಿ ಎತ್ತಕ್ಕ" ಎಂದು ಗೋಗರೆಯುತ್ತಾರೆ. ಬೈಕನ್ನು ಓರೆ ಮಾಡಿ ಗೇಟಿನ ಕೆಳಗೆ ನುಸುಳುವವರ ಹೆಲ್ಮೆಟ್ಟನ್ನೇ ಹಿಡಿದು ಹಿಂದಕ್ಕೆ ಎಳೆಯುತ್ತಾಳೆ. "ಗೂಡು ನಾಳೆನೂ ಮಾರ್ಬೋದು ಕಣಪ್ಪ. ನಿನ್ನುನ್ನ ಯಾರ್ ತಂದ್ಕೊಡ್ತಾರೆ ನಿಮ್ಮನೆಗೆ?" ಎನ್ನುತ್ತಾಳೆ. ರೈಲು ಹೋದ ಮೇಲೆ ಅದೇ ಹುಡುಗನಿಗೆ ಕುಡಿಯಲು ನೀರು ಕೊಡುತ್ತಾಳೆ.

ಮನೆಯಲ್ಲಿ ಅವಳು, ಅತ್ತೆ, ಕನಕಪುರದ ಹಾಸ್ಟೆಲ್ಲಿನಲ್ಲಿದ್ದು ನರ್ಸಿಂಗ್ ಓದುವ ಮಗಳು ಭಾನುಪ್ರಿಯ. ಮೂರು ಹೆಂಗಸರ ಊಟ, ಬಟ್ಟೆ, ಓದು ಎಲ್ಲವೂ ಆ ಗೇಟಿನಿಂದಲೇ ಬರಬೇಕು. ಅತ್ತೆ ಸೊಸೆ ಚೆನ್ನಾಗಿಯೇ ಇದ್ದರು. ಒಂದು ವಿಷಯಕ್ಕೆ ಮಾತ್ರ ವರ್ಷಕ್ಕೊಮ್ಮೆ ಮುನಿಸು. ಹಿರಿಯರ ಹಬ್ಬ ಬಂದಾಗ ದೊಡ್ಡಲಕ್ಷ್ಮಮ್ಮ, "ನನ್ ಮಗುನ್ ಎಡೇಲಿ ಒಂದ್ ಲೋಟ ಅದನ್ನೂ ಇಕ್ಕವ್ವ," ಎಂದು ಕೇಳುವುದು, ಲತಾಮಣಿ ಆಗುವುದಿಲ್ಲ ಎನ್ನುವುದು. ಗಂಡನನ್ನು ಹಳಿಯ ಮೇಲೆ ಕೆಡವಿದ್ದನ್ನು ಅವನ ಫೋಟೋದ ಮುಂದೆಯೇ ಹೇಗೆ ಇಡಲಿ ಎನ್ನುವುದು ಅವಳ ಮಾತು. ಮುದುಕಿ ತಾನೇ ಇಡಬಹುದಿತ್ತು. ಇಡುತ್ತಿರಲಿಲ್ಲ. ನೀನೇ ಇಕ್ಕಬೇಕು ಎಂದು ಹಟ. ಇದು ಮುದುಕರ ಹಟ ಎಂದು ನಾನೂ ಅಂದುಕೊಂಡಿದ್ದೆ. ಹನ್ನೊಂದು ವರ್ಷ ಹೀಗೇ ನಡೆಯಿತು.

ಹೋದ ವರ್ಷ ಅಮಾವಾಸ್ಯೆಯ ದಿನ ಬೆಳಿಗ್ಗೆ ಫೋನಿಗೆ ಬಂದ ಪಟ್ಟಿಯಲ್ಲಿ ಲತಾಮಣಿಯ ಹೆಸರಿತ್ತು. ನನಗೆ ಒಳಗೊಳಗೇ ಖುಷಿ. ಹಬ್ಬದ ದಿನ ಊದಿಸಲು ಹೋದರೆ ಅರ್ಧ ಜನ ಶತ್ರುವನ್ನು ನೋಡಿದ ಹಾಗೆ ನೋಡುತ್ತಾರೆ. ಇವಳೊಬ್ಬಳಾದರೂ ಸೊನ್ನೆ ಊದಿ, ವಡೆ ಕೊಟ್ಟು ಕಳಿಸುತ್ತಾಳೆ. ಅವಳ ಡ್ಯೂಟಿ ಮಧ್ಯಾಹ್ನ ಎರಡು ಗಂಟೆಗೆ. ಕಾಲು ಗಂಟೆ ಮೊದಲೇ ಹೋಗಿ ಗೇಟಿನ ಹುಣಸೆ ಮರದ ನೆರಳಿನಲ್ಲಿ ಕೂತೆ. ಬೆಳಗಿನ ಪಾಳಿಯ ಜಯಕುಮಾರ್ ಅವಳಿಗೆ ಗೇಟು ಒಪ್ಪಿಸಿ ಮನೆಗೆ ಹಬ್ಬದೂಟಕ್ಕೆ ಓಡಲು ಚಪ್ಪಲಿ ಹಾಕಿಕೊಂಡೇ ನಿಂತಿದ್ದ.

ಲತಾಮಣಿ ಟಿ.ವಿ.ಎಸ್. ಗಾಡಿ ನಿಲ್ಲಿಸಿ ನನ್ನನ್ನು ನೋಡಿದಳು. ಗಾಡಿಯ ಹತ್ತಿರವೇ ನಿಂತುಬಿಟ್ಟಳು. ವಡೆಯ ಡಬ್ಬಿ ಕೈಯಲ್ಲೇ ಇತ್ತು.

"ಪಟ್ಟೀಲಿ ನನ್ ಹೆಸ್ರು ಐತಾ ಪಾಷಣ್ಣ?"

"ಐತೆ. ಬಾ, ಊದ್ಬುಟ್ಟು ವಡೆ ಕೊಡು," ಎಂದು ನಾನು ನಕ್ಕೆ.

"ಅತ್ತೆ ನಿನ್ನೆಯಿಂದ ಅನ್ನ ಮುಟ್ಟಿಲ್ಲ," ಅಂದಳು. "ಮುಂದಿನ್ ಹಬ್ಬಕ್ಕೆ ನಾನಿರಲ್ಲ, ಇದೊಂದ್ ಸಲ ಇಕ್ಕವ್ವ ಅಂತ ಕಾಲಿಗೆ ಬೀಳಕ್ ಬಂದ್ರು. ಇಕ್ಬುಟ್ಟೆ. ಇಕ್ದೋರು ತೀರ್ಥ ತಗೋಬೇಕಲ್ಲ. ತಗಂಡೆ. ಬಾಯಿ ತೊಳೆದ್ರೆ ಎಡೆಗೆ ಅವಮಾನ ಮಾಡ್ದಂಗೆ ಅಂದ್ರು, ಹಂಗೇ ಬಂದೆ. ಡ್ಯೂಟಿ ತಗಳಾಕ್ ಮುಂಚೆ ಸ್ಟೇಷನ್ ಮಾಸ್ಟರ್‌ಗೆ ಫೋನ್ ಮಾಡಿ ಯೋಳ್ಬೇಕು ಅಂತ್ಲೇ ಬಂದೆ, ನೀವೇ ಕುಂತಿದ್ದೀರ."

ನಿಯಮ ಅವಳಿಗೂ ಗೊತ್ತು, ನನಗೂ ಗೊತ್ತು. ಮಿಷನ್ನಿನಲ್ಲಿ ಕೆಂಪು ದೀಪ ಹತ್ತಿದರೆ, ಬಾಯಿ ಮುಕ್ಕಳಿಸಿಸಿ, ಇಪ್ಪತ್ತು ನಿಮಿಷ ಬಿಟ್ಟು ಇನ್ನೊಮ್ಮೆ ಊದಿಸಬೇಕು. ಎರಡನೆಯದೂ ಕೆಂಪಾದರೆ ಸಸ್ಪೆಂಡ್, ಆಮೇಲೆ ಕೆಲಸವೇ ಹೋಗಬಹುದು. ಎರಡನೆಯದು ಸೊನ್ನೆ ಬಂದರೂ ಮೊದಲನೆಯದು ಅಳಿಸುವುದಿಲ್ಲ. ಅವತ್ತು ಡ್ಯೂಟಿ ಇಲ್ಲ, ವರದಿ ಹೋಗುತ್ತದೆ, ವಿಚಾರಣೆ ಆಗುತ್ತದೆ, ಅಲ್ಲಿ ಸಾಹೇಬರ ಮನಸ್ಸಿಗೆ ಬಂದದ್ದೇ ತೀರ್ಪು. ಅಂಗೈಯಷ್ಟು ಕುಡಿದದ್ದು ಹೊಟ್ಟೆಗೆ ಲೆಕ್ಕಕ್ಕೇ ಇಲ್ಲ, ಆದರೆ ಬಾಯಲ್ಲಿ ಒಸಿ ಉಳಿದಿದ್ದರೂ ಮಿಷನ್ನು ಅರಚಿಕೊಳ್ಳುತ್ತದೆ.

ದಾರಿ ಬಹಳ ಸುಲಭವಿತ್ತು. ನಾನು ಎದ್ದು ಬೈಕಿನ ಕೀ ತೆಗೆದುಕೊಂಡೆ. "ಲತಮ್ಮ, ನಾನಿನ್ನೂ ಬಂದೇ ಇಲ್ಲ ಅನ್ಕೋ. ಮುಂದಿನ ಗೇಟಿಗೆ ಹೋಗಿ ಅರ್ಧ ಗಂಟೆ ಬಿಟ್ಟು ಬರ್ತೀನಿ. ಚೆನ್ನಾಗಿ ಬಾಯಿ ತೊಳ್ಕೊಂಡು ನೀರು ಕುಡಿ," ಅಂದೆ.

ಅವಳು ನನ್ನ ಬೈಕಿನ ಮುಂದೆ ಬಂದು ನಿಂತಳು. ಗೇಟಿನ ಕೆಳಗೆ ನುಸುಳುವವರನ್ನು ತಡೆಯುತ್ತಾಳಲ್ಲ, ಹಾಗೇ.

"ಅವತ್ತು ಅವ್ರುನ್ನ ಬುಟ್ರಿ. ಇವತ್ತು ನನ್ನುನ್ನ ಬುಡ್ತೀರಾ?"

ಅವಳ ಕಣ್ಣಲ್ಲಿ ನೀರಿತ್ತು, ದನಿಯಲ್ಲಿ ಮಾತ್ರ ಇರಲಿಲ್ಲ. "ಇವತ್ತು ಹಬ್ಬಕ್ಕೆ ಬರೋರ್ ಆಟೋ ಮಕ್ಕಳುನ್ನ ತುಂಬ್ಕಂಡು ಬತ್ತದೆ ಈ ಗೇಟಿಗೆ. ಅದ್ರೊಳಗಿರೋ ಮಕ್ಕಳಿಗೆ ನಾನು ಅಂಗೈಯಷ್ಟು ಕುಡ್ದೆನೋ ಬಾಟ್ಲಿ ಕುಡ್ದೆನೋ ಏನ್ ಗೊತ್ತು? ಊದುಸ್ರಿ."

ಹೊಸ ಕೊಳವೆ ಸಿಕ್ಕಿಸಿ ಮಿಷನ್ನು ಹಿಡಿದೆ. ಅವಳು ಯಾವತ್ತಿನ ಹಾಗೇ ಬಗ್ಗಿ, ಕಣ್ಣು ಮುಚ್ಚಿ, ಒಂದೇ ಉಸಿರಿಗೆ ಊದಿದಳು. ಮಿಷನ್ನು ಅರಚಿತು. ಕೆಂಪು ದೀಪ. ಸೊನ್ನೆ ಇರಬೇಕಾದ ಜಾಗದಲ್ಲಿ ಮೂವತ್ತನಾಲ್ಕು.

ಜಯಕುಮಾರ್ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದ. "ಏನ್ಸಾರ್, ಮಿಷನ್ ಕೆಟ್ಟೋಗೈತಾ?" ಅಂದ. ಅವಳನ್ನು ಬಲ್ಲ ಯಾರಾದರೂ ಅದನ್ನೇ ಕೇಳುತ್ತಿದ್ದರು. ಕೆಟ್ಟಿಲ್ಲ ಎಂದೆ. ಅವನು ಚಪ್ಪಲಿ ಬಿಟ್ಟು ಒಳಗೆ ಹೋಗಿ, ಹಬ್ಬದೂಟದ ಮಾತೆತ್ತದೆ, ಮತ್ತೆ ಹಸಿರು ಬಾವುಟ ಕೈಗೆ ತೆಗೆದುಕೊಂಡ. ಆ ಉಪಕಾರವನ್ನು ನಾನು ಮರೆತಿಲ್ಲ.

ಅವಳು ಕೊಡದಿಂದ ನೀರು ತೆಗೆದು ಬಾಯಿ ಮುಕ್ಕಳಿಸಿದಳು. ಆಮೇಲೆ ಇಪ್ಪತ್ತು ನಿಮಿಷ ಇಬ್ಬರೂ ಹುಣಸೆ ಮರದ ಕೆಳಗೆ ಕೂತೆವು. ಮೈಸೂರಿನ ಕಡೆಗೆ ಒಂದು ರೈಲು ಹೋಯಿತು. ಅವಳು ಅಭ್ಯಾಸಬಲದಿಂದ ಎದ್ದು ನಿಂತು, ನೆನಪಾಗಿ ಮತ್ತೆ ಕೂತಳು. "ಭಾನುಗೆ ಇನ್ನೊಂದ್ ವರ್ಷ ಓದೋದೈತೆ," ಎಂದಳು. ಮನಸ್ಸಿನಲ್ಲಿ ನನಗೆ ಬರುವ ದುವಾಗಳನ್ನೆಲ್ಲ ಓದಿಕೊಂಡೆ.

ಎರಡನೆಯ ಸಲ ಊದಿದಾಗ ಸೊನ್ನೆ ಬಂತು. ಅವಳು ಕೈ ಚಾಚಲಿಲ್ಲ. ನಾನೇ ಎರಡೂ ಚೀಟಿಗಳನ್ನು ಅವಳ ಕೈಯಲ್ಲಿಟ್ಟೆ. ಸ್ಟೇಷನ್ ಮಾಸ್ಟರಿಗೆ ಫೋನು ಮಾಡಿ ಹೇಳಿದೆ. ವರದಿ ಬರೆದೆ. ಅತ್ತೆಯ ಹೆಸರು ಮಾತ್ರ ಬೇಡ ಎಂದು ಅವಳು ಕೇಳಿಕೊಂಡಳು, ಹಾಗಾಗಿ ಮನೆಯ ಪದ್ಧತಿ ಎಂದಷ್ಟೇ ಬರೆದೆ.

"ಮನೆತನಕ ಬನ್ನಿ ಪಾಷಣ್ಣ," ಎಂದಳು. "ಅತ್ತೆಗೆ ನೀವೇ ಯೋಳಿ. ನಾನ್ ಯೋಳುದ್ರೆ ಬೈದಂಗ್ ಆಯ್ತದೆ."

ದೊಡ್ಡಲಕ್ಷ್ಮಮ್ಮ ಜಗಲಿಯ ಮೇಲೆ ಕೂತಿದ್ದಳು. ಎಂಬತ್ತರ ಹತ್ತಿರದ ಜೀವ, ಸೊಂಟ ಹೋಗಿದೆ, ಕಣ್ಣು ಚುರುಕಾಗಿದೆ. ಡ್ಯೂಟಿಗೆ ಹೋದ ಸೊಸೆ ಮೂರು ಗಂಟೆಗೇ ತಿರುಗಿ ಬಂದದ್ದನ್ನು, ಅವಳ ಹಿಂದೆ ರೈಲ್ವೆಯ ಚೀಲ ಹಾಕಿಕೊಂಡ ನನ್ನನ್ನು ನೋಡಿ ಗೋಡೆ ಹಿಡಿದು ಎದ್ದಳು. ಡ್ಯೂಟಿಯ ಹೊತ್ತಿನಲ್ಲಿ ಆ ಚೀಲದ ಸಮೇತ ನಾನು ಆ ಮನೆಗೆ ಹೋದದ್ದು ಅದಕ್ಕೆ ಮೊದಲು ಒಂದೇ ಸಲ, ಲೋಕೇಶನ ಸುದ್ದಿ ತಂದಾಗ. "ಭಾನುಗೇನಾಯ್ತು ಸಾಬ್ರೇ?" ಎಂದಳು.

"ಯಾರಿಗೂ ಏನೂ ಆಗಿಲ್ಲಮ್ಮ, ಕೂತ್ಕೊಳಿ," ಎಂದು, ನಡೆದದ್ದನ್ನು ಆದಷ್ಟು ಮೆತ್ತಗೆ ಹೇಳಿದೆ. ಲತಮ್ಮನ ಕೆಲಸ ಹೋಗಿಲ್ಲ, ವಿಚಾರಣೆ ಆಗುತ್ತದೆ ಅಂದೆ.

ಮುದುಕಿ ಎರಡು ಕೈಯಲ್ಲೂ ಹಣೆ ಚಚ್ಚಿಕೊಂಡಳು. "ಇನ್ನೊಂದ್ ಸಲ ಮಾಡ್ಬುಟ್ನಲ್ಲಪ್ಪೋ! ಇನ್ನೊಂದ್ ಸಲ ಮಾಡ್ಬುಟ್ನಲ್ಲ!"

ಲತಾಮಣಿ ಆ ಕೈಗಳನ್ನು ಹಿಡಿದುಕೊಂಡಳು. "ಇನ್ನೊಂದ್ ಸಲ ಅಂದ್ರೆ ಏನತ್ತೆ?"

ಅಷ್ಟು ವರ್ಷ ಬಾಯಿಗೆ ಬಾರದ ಮಾತು ಆಗ ಬಂತು. ಲೋಕೇಶ್ ಸತ್ತ ವರ್ಷದ ಹಬ್ಬದಲ್ಲಿ, ಅವನ ಅಪ್ಪನಿಗೆಂದು ಇಟ್ಟಿದ್ದ ಲೋಟದಲ್ಲಿ ಅರ್ಧ ಹಾಗೇ ಉಳಿದಿತ್ತು. "ಎಡೆ ಇಕ್ಕಿದ್ದ ಚೆಲ್ಲಬಾರ್ದು ಅಂತ ಬೆಳಗಾಗೆದ್ದು ನಾನೇ ಕೊಟ್ಟೆ ಕಣವ್ವ. ನೀನು ಅಟ್ಟೀಲಿ ಆಲು ಕರೀತಿದ್ದೆ. ಬ್ಯಾಡ ಕಣವ್ವೋ, ಡ್ಯೂಟಿಗೆ ಓಗ್ಬೇಕು ಅಂದ. ಬ್ಯಾಡ ಅಂದ ಕಣವ್ವ ನನ್ ಮಗ. ನಾನೇ, ಅಪ್ಪಂದು ಕಣ್ಲಾ, ಏನಾಗಕಿಲ್ಲ ಕುಡಿ ಅಂತ ಬಾಯಿಗ್ ಇಡ್ದೆ."

ನಾನು ತಡೆಯಲಾರದೆ, "ನನಗೆ ಅದು ಕಂಡಿತ್ತಮ್ಮ. ಊದಿಸದೆ ಸೊನ್ನೆ ಬರೆದೆ," ಎಂದುಬಿಟ್ಟೆ. ಮುದುಕಿ ನನ್ನ ಮುಖವನ್ನೇ ನೋಡಿದಳು. "ನೀನೂನಾ ಮಗ?" ಎಂದಳು. ಅದರಲ್ಲಿ ಸಿಟ್ಟು ಇರಲಿಲ್ಲ. ಜೊತೆ ಸಿಕ್ಕಿತಲ್ಲ ಎನ್ನುವ ಹಾಗಿತ್ತು.

"ಮತ್ತೆ ಯಾಕತ್ತೆ ಅದನ್ನೇ ಇಕ್ಕು ಇಕ್ಕು ಅಂತ ಪ್ರಾಣ ತಿಂದ್ರಿ?" ಎಂದು ಲತಾಮಣಿ ಕೇಳಿದಳು.

"ನಾನ್ ಇಕ್ಕುದ್ರೆ ಅದು ಅವತ್ತಿನ್ ಲೋಟವೇ ಕಣವ್ವ, ಇಸ. ನೀನ್ ಇಕ್ಕುದ್ರೆ ಎಡೆ ಆಯ್ತದೆ ಅಂತ. ಅವ್ನಿಗೆ ನೀನ್ ಮನ್ಸಾರೆ ಕೊಟ್ರೆ ನನ್ ತಪ್ಪೂ ಒಸಿ ಕಳೀತದೇನೋ ಅಂತ."

"ನಂಗೊಂದ್ ಮಾತು ಯೋಳ್ಬಾರ್ದಿತ್ತಾ ಇಷ್ಟ್ ವರ್ಷದಲ್ಲಿ?"

"ಯೋಳುದ್ರೆ ನನ್ ಬುಟ್ಬುಟ್ಟು ಕಲ್ಯಕ್ಕೆ ಒಂಟೋಗ್ತೀಯ ಅನ್ಕಂಡೆ. ನೀನ್ ಓದ್ರೆ ನಂಗ್ಯಾರವ್ರೆ?"

ಲತಾಮಣಿ ಒಳಗೆ ಹೋದಳು. ಫೋಟೋದ ಮುಂದಿನ ಲೋಟ ತಂದಳು. ಅದರಲ್ಲಿ ಇನ್ನೂ ಮುಕ್ಕಾಲು ಭಾಗ ಇತ್ತು. ಅದನ್ನು ಅತ್ತೆಯ ಕೈಯಲ್ಲಿಟ್ಟು, ಆ ಕೈಯ ಮೇಲೆ ತನ್ನ ಕೈ ಇಟ್ಟು, ಅವಳನ್ನು ಅಂಗಳದ ತುದಿಗೆ ನಿಧಾನವಾಗಿ ನಡೆಸಿಕೊಂಡು ಹೋದಳು. "ಚೆಲ್ಲಿ ಅತ್ತೆ," ಎಂದಳು.

"ಎಡೆ ಕಣವ್ವ. ಚೆಲ್ಲಬಾರ್ದು."

"ಚೆಲ್ಲಿ. ಅವರು ಬ್ಯಾಡ ಅಂದಿದ್ರಲ್ಲ."

ಇಬ್ಬರ ಕೈಯೂ ಸೇರಿ ಲೋಟ ಬಗ್ಗಿತು. ನುಗ್ಗೆ ಗಿಡದ ಬುಡದ ಮಣ್ಣು ಎರಡು ಕ್ಷಣದಲ್ಲಿ ಎಲ್ಲ ಕುಡಿಯಿತು. ದೊಡ್ಡಲಕ್ಷ್ಮಮ್ಮ ಮಗ ಸತ್ತ ದಿನವೂ ಹಾಗೆ ಅತ್ತಿರಲಿಲ್ಲ. ಲತಾಮಣಿ ಅವಳ ಬೆನ್ನು ಸವರುತ್ತಾ, "ನಡೀರಿ, ನಿನ್ನೆಯಿಂದ ಏನೂ ತಿಂದಿಲ್ಲ. ಕಲ್ಯಕ್ಕೆ ಓಗ್ತಾಳಂತೆ! ಹನ್ನೊಂದು ವರ್ಷ ಓಗ್ದೋಳು ಈಗ ಓಗ್ತೀನಾ?" ಎಂದು ಬೈಯುತ್ತಲೇ ಒಳಗೆ ಕರೆದುಕೊಂಡು ಹೋದಳು. ನನ್ನ ಕಡೆ ತಿರುಗಿ, "ನೀವೂ ಬನ್ನಿ, ಸೊಪ್ಪಿನ ಸಾರೂ ಐತೆ. ಇವತ್ತು ಬಡ್ಸಕೆ ಪುರ್ಸೊತ್ತೈತೆ, ಡ್ಯೂಟಿ ಇಲ್ವಲ್ಲ," ಎಂದಳು. ಅಂಥ ದಿನವೂ ನನಗೆ ನಗು ಬಂತು.

ವಿಚಾರಣೆ ಆಯಿತು. ತಾನಾಗಿ ಹೇಳಿಕೊಂಡಳು, ಎರಡನೆಯದು ಸೊನ್ನೆ ಎಂದು ಒಂದು ಎಚ್ಚರಿಕೆ ಪತ್ರ ಕೊಟ್ಟು ಹನ್ನೆರಡನೆಯ ದಿನ ಗೇಟಿಗೆ ಕಳಿಸಿದರು. ಆಮೇಲೆ ಕಂಪ್ಯೂಟರ್ ಅವಳ ಹೆಸರನ್ನು ಇನ್ನೂ ಮೂರು ಸಲ ಆರಿಸಿತು, ಮೂರು ಸಲವೂ ಸೊನ್ನೆ. ಚೀಟಿ ಈಗ ಫೋಟೋದ ಹಿಂದಕ್ಕೆ ಹೋಗುವುದಿಲ್ಲ. ದೊಡ್ಡಲಕ್ಷ್ಮಮ್ಮ ಮೊದಲು ಕೈಗೆ ಇಸಿದುಕೊಂಡು, ಓದು ಬಾರದಿದ್ದರೂ ಸೊನ್ನೆಯನ್ನು ಬೆರಳಿನಿಂದ ಮುಟ್ಟಿ ನೋಡಿ, ತನ್ನ ಎಲೆ ಅಡಿಕೆ ಚೀಲದಲ್ಲಿ ಹಾಕಿಕೊಳ್ಳುತ್ತಾಳೆ.

ನನಗೆ ಇನ್ನು ನಾಲ್ಕು ತಿಂಗಳಿಗೆ ರಿಟೈರ್‌ಮೆಂಟು. ರಿಜಿಸ್ಟರಿನ ಆ ಸುಳ್ಳು ಸೊನ್ನೆಯ ವಿಷಯವನ್ನು ಮೊನ್ನೆ ಕಾಗದದಲ್ಲಿ ಬರೆದು ಸಾಹೇಬರಿಗೆ ಕೊಟ್ಟೆ. ಅವರು ಏನು ಮಾಡುತ್ತಾರೋ ಗೊತ್ತಿಲ್ಲ. ಪಿಂಚಣಿಗೆ ತೊಂದರೆಯಾದರೆ ಏನು ಗತಿ ಎಂದು ರಹೀಮಾ ಎರಡು ದಿನ ಮಾತು ಬಿಟ್ಟಿದ್ದಳು. ಮೂರನೆಯ ದಿನ, "ಮೊದ್ಲೇ ಕೊಡ್ಬೇಕಿತ್ತು," ಎಂದು ಟೀ ಕೊಟ್ಟಳು.

ಈ ವರ್ಷದ ಹಬ್ಬಕ್ಕೆ ಲತಾಮಣಿಯ ಮನೆಯಿಂದ ಕರೆ ಬಂತು. ಡ್ಯೂಟಿ ಮುಗಿಸಿ ಚೀಲದ ಸಮೇತ ಹೋದೆ. ಬಾಗಿಲು ತೆಗೆದಾಗ ಎಡೆಯಲ್ಲಿ ಅದೇ ಲೋಟ ಇತ್ತು. ಅದರಲ್ಲಿ ಬೆಲ್ಲದ ಕಾಫಿ. "ನಾನೇ ಕಾಯ್ಸಿ ನಾನೇ ಇಕ್ಕಿದ್ದು ಕಣ್ ಮಗ," ಎಂದಳು ದೊಡ್ಡಲಕ್ಷ್ಮಮ್ಮ. ಮೊದಲ ಗುಟುಕು ತಾನು ತೆಗೆದುಕೊಂಡು, ಎರಡನೆಯದನ್ನು ಸೊಸೆಗೆ ಹಾಕಿ, ಆಮೇಲೆ ನನ್ನ ಕಡೆ ನೋಡಿದಳು. "ನೀವು ಕುಡೀಬೌದಾ ಸಾಬ್ರೇ?" ಎಂದು ಕೇಳಿದಳು. ನಾನು ಅಂಗೈ ಒಡ್ಡಿದೆ. ಕಾಫಿ ತಣ್ಣಗಾಗಿತ್ತು, ಬಹಳ ಸಿಹಿಯಾಗಿತ್ತು.

"ಕುಡ್ದೋರು ಊದ್ಬೇಕು," ಎಂದು ಲತಾಮಣಿ ನನ್ನ ಚೀಲದಿಂದ ಮಿಷನ್ನು ತೆಗೆದು ಎದುರಿಗೆ ಹಿಡಿದಳು. ಇಷ್ಟು ವರ್ಷ ಊರಿಗೆಲ್ಲ ಊದಿಸಿದ ನನ್ನನ್ನು ಯಾರೂ ಒಂದು ಸಲವೂ ಊದಿಸಿರಲಿಲ್ಲ. ಅವಳ ಹಾಗೇ ಬಗ್ಗಿ, ಕಣ್ಣು ಮುಚ್ಚಿ, ಒಂದೇ ಉಸಿರಿಗೆ ಊದಿದೆ. ಹಸಿರು ದೀಪ ಹತ್ತಿತು, ಸೊನ್ನೆಯ ಚೀಟಿ ಬಂತು. ಅದನ್ನು ಅವಳು ಓದಿ ನೋಡಿ, ಹೋಗಿ ಲೋಕೇಶನ ಫೋಟೋದ ಹಿಂದೆ ಸಿಕ್ಕಿಸಿದಳು.

"ಪಾಷಣ್ಣಂದು," ಎಂದು ಅವನಿಗೆ ಹೇಳಿದಳು. "ಇದು ನಿಜವಾದ್ದು."

ನಾನು ಎದ್ದು ಅಂಗಳಕ್ಕೆ ಹೋಗಿ ನುಗ್ಗೆ ಗಿಡದ ಹತ್ತಿರ ನಿಂತು ಕಣ್ಣು ಒರೆಸಿಕೊಂಡೆ. ಒಳಗಿನಿಂದ ಮುದುಕಿ ಊಟಕ್ಕೆ ಕರೆಯುತ್ತಿದ್ದಳು.